ಮೆಂಡೆಲ್ ಮೇಷ್ಟ್ರು ಬರೆದ ದೊಡ್ಡಕ್ಷರ, ಸಣ್ಣಕ್ಷರ

ಶಿವಮೊಗ್ಗ ಮತ್ತು ಭದ್ರಾವತಿಯ ಪ್ರೌಢಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೊರಡುವ ವಿಜ್ಞಾನ ಪ್ರಶಿಕ್ಷಣಾರ್ಥಿಗಳಿಗೆ, ಅನುವಂಶೀಯತೆಯ ಪಾಠಯೋಜನೆ ಬರೆಯುವ ಮೊದಲು ನಾನು ಗ್ರೆಗರ್ ಮೆಂಡೆಲ್‌ರ ಬದುಕನ್ನು ಹೇಳುತ್ತೇನೆ. ಅವರೂ ಮೇಷ್ಟ್ರೇ.

ಮೆಂಡೆಲ್ 1822ರಲ್ಲಿ, ಈಗಿನ ಚೆಕ್ ಗಣರಾಜ್ಯದ ಹಳ್ಳಿಯೊಂದರ ರೈತ ಕುಟುಂಬದಲ್ಲಿ ಹುಟ್ಟಿದರು. 1843ರಲ್ಲಿ ಬ್ರನೋ ನಗರದ ಕ್ರೈಸ್ತ ಮಠವನ್ನು ಸೇರಿದರು. ತಾತ್ಕಾಲಿಕ ಶಿಕ್ಷಕರಾಗಿದ್ದಾಗ, 1850ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಮೇಲೂ, 1856ರ ಎರಡನೇ ಪ್ರಯತ್ನ ಕೈಗೂಡಲಿಲ್ಲ. ಆದರೂ 1854ರಿಂದ 1868ರವರೆಗೆ ಬ್ರನೋದ ಶಾಲೆಯಲ್ಲಿ ಪಾಠ ಮಾಡಿದರು.

1856ರಿಂದ 1863ರವರೆಗೆ ಮಠದ ತೋಟದಲ್ಲಿ ಬಟಾಣಿ ತಳಿಗಳನ್ನು ಅಡ್ಡಹಾಯಿಸಿದರು. ಒಂದು ಪ್ರಯೋಗದ ಎರಡನೇ ಪೀಳಿಗೆಯಲ್ಲಿ 5,474 ದುಂಡು ಬೀಜಗಳೂ 1,850 ಸುಕ್ಕು ಬೀಜಗಳೂ ಸಿಕ್ಕವು, ಹೆಚ್ಚುಕಡಿಮೆ 3:1. ಇದನ್ನು ವಿವರಿಸಲು ಪ್ರಬಲ ಗುಣಕ್ಕೆ ದೊಡ್ಡ ‘ಎ’, ದುರ್ಬಲ ಗುಣಕ್ಕೆ ಸಣ್ಣ ‘ಎ’ ಬಳಸಿದರು. ಅಕ್ಷರ ಒಂದೇ ಆದ್ದರಿಂದ, ಇವು ಒಂದೇ ಲಕ್ಷಣದ ಎರಡು ರೂಪಗಳೆಂಬುದು ನೋಡಿದೊಡನೆ ತಿಳಿಯುತ್ತದೆ. ದೊಡ್ಡದು ಪರಾಗದಿಂದ, ಸಣ್ಣದು ಅಂಡದಿಂದ ಬರಬಹುದು, ಅದಲುಬದಲಾಗಿಯೂ ಬರಬಹುದು. ಮೆಂಡೆಲ್ ಈ ಎರಡನ್ನೂ ಮೊದಲು ಬೇರೆಬೇರೆಯಾಗಿ ಬರೆದು, ನಂತರ ಒಂದೇ ರೂಪಕ್ಕೆ ತಂದು ಕೂಡಿಸಿದರು. 1:2:1ರ ನಡುವಿನ ‘2’ ಬಂದದ್ದು ಹೀಗೆ.

1865ರಲ್ಲಿ ಈ ಪ್ರಬಂಧವನ್ನು ಓದಿದರು, ಮರುವರ್ಷ ಅಚ್ಚಾಯಿತು. 1884ರಲ್ಲಿ ತೀರಿಕೊಂಡಾಗ ಅದರ ಬೆಲೆ ಅರಿತವರು ಇರಲಿಲ್ಲವೆನ್ನಬೇಕು. 1900ರಲ್ಲಿ ಮೂವರು ಸಸ್ಯವಿಜ್ಞಾನಿಗಳು ಅದನ್ನು ಬೆಳಕಿಗೆ ತಂದರು.

ಈಗ ನಮ್ಮ ತರಗತಿಗೆ ಬರೋಣ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಕನ್ನಡ ಮಾಧ್ಯಮದ ಮಗುವಿಗೆ ಈ ಸಂಕೇತವನ್ನೇ ಮೊದಲು ಕಲಿಸಬೇಕು. ‘ಎಸ್’, ‘ಸಿ’ ಕೈಬರಹದಲ್ಲಿ ಎರಡೂ ಗಾತ್ರಕ್ಕೆ ಒಂದೇ ಥರ ಕಾಣುತ್ತವೆ. ‘ಟಿ’, ‘ಆರ್’ ಆರಿಸಿಕೊಳ್ಳುವುದು ಲೇಸು. ಪನ್ನೆಟ್ ಚೌಕದ ಒಂದು ಮನೆಯಲ್ಲಿ ದೊಡ್ಡ ‘ಟಿ’ ಮುಂದೆ, ಇನ್ನೊಂದರಲ್ಲಿ ಸಣ್ಣ ‘ಟಿ’ ಮುಂದೆ ಬರೆದ ಮಗು, ಮೂರರ ಬದಲು ನಾಲ್ಕು ಬಗೆ ಎಣಿಸುತ್ತದೆ. ಅದಕ್ಕೆ ಕೆಂಪು ಗೆರೆ ಎಳೆಯಬೇಡಿ ಎನ್ನುತ್ತೇನೆ. ಮಗು ಮೆಂಡೆಲ್‌ರ ಮೊದಲ ಹೆಜ್ಜೆಯಲ್ಲಿದೆ. ದೊಡ್ಡಕ್ಷರ ಯಾವಾಗಲೂ ಮುಂದೆ ಎಂಬ ನಿಯಮ ಕೊಟ್ಟು, ಅದೇ ಚೌಕವನ್ನು ಮತ್ತೆ ಬರೆಸಿ. ಆ ‘2’ ಅನ್ನು ಮಗುವೇ ಎಣಿಸಿ ಹೇಳಲಿ.