ಮೆಣಸಿನಕಾಯಿ ನಮ್ಮ ದೇಶದ್ದೇ? ಉತ್ತರ ಕೊಟ್ಟವರು ಡಿವಿಜಿಯವರ ಮಗ

ಹಸಿಮೆಣಸಿನಕಾಯಿ ವೇದಕಾಲದಿಂದಲೂ ನಮ್ಮ ಅಡುಗೆಯಲ್ಲಿತ್ತು ಎನ್ನುವ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದು ಸುಳ್ಳು. ಮಾರಿಕಣಿವೆ ಸೀಮೆಯ ಹೊಲಗಳನ್ನೇ ನೋಡಿ. ಅಲ್ಲಿ ಬೆಳೆಯುವ ಶೇಂಗಾ, ಮೆಕ್ಕೆಜೋಳ, ಮೆಣಸಿನಕಾಯಿ ಮೂರರ ತವರೂ ಅಮೆರಿಕ ಖಂಡ. ಮೆಣಸಿನಕಾಯಿ ನಮ್ಮಲ್ಲಿಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, 1498ರ ನಂತರ. ಅದಕ್ಕೂ ಮುಂಚೆ ಖಾರಕ್ಕೆ ಹೆಚ್ಚಾಗಿ ಕರಿಮೆಣಸೇ ಗತಿ. ಹೊಸ ಕಾಯಿಗೂ ಅದರ ಹೆಸರನ್ನೇ ಅಂಟಿಸಿದೆವು, ಅಷ್ಟೆ.

ಇದನ್ನೆಲ್ಲ ಕನ್ನಡಿಗರಿಗೆ ನಗಿಸುತ್ತಲೇ ತಿಳಿಸಿದವರು ಬಿ.ಜಿ.ಎಲ್. ಸ್ವಾಮಿ. ಅವರ ಪುಸ್ತಕದ ಹೆಸರೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’.

ಸ್ವಾಮಿಯವರು ಹುಟ್ಟಿದ್ದು 1918ರಲ್ಲಿ. ತಂದೆ ಡಿ.ವಿ. ಗುಂಡಪ್ಪ, ಅಂದರೆ ‘ಮಂಕುತಿಮ್ಮನ ಕಗ್ಗ’ದ ಡಿವಿಜಿ. ಮನೆ ತುಂಬ ಸಾಹಿತ್ಯ, ಪತ್ರಿಕೆಯ ಕೆಲಸ. ಮಗ ಇನ್ನೂ ಚಿಕ್ಕವನಿರುವಾಗಲೇ ತಾಯಿ ತೀರಿಕೊಂಡರು. ಇಂಥ ಮನೆಯ ಹುಡುಗ ಕವಿಯಾಗುತ್ತಾನೆ ಎಂದೇ ನಾವು ಊಹಿಸುತ್ತೇವೆ. ಅವರು ಹಿಡಿದದ್ದು ಸೂಕ್ಷ್ಮದರ್ಶಕವನ್ನು.

ಆರ್ಕಿಡ್ ಗಿಡಗಳ ಬೀಜದೊಳಗೆ ಭ್ರೂಣ ಹೇಗೆ ಬೆಳೆಯುತ್ತದೆ ಎಂಬುದು ಅವರ ಮೊದಮೊದಲ ಸಂಶೋಧನೆಯ ವಿಷಯ. ಈ ವಿದ್ಯೆಯಲ್ಲಿ ಆಗ ಚಿತ್ರ ಬರೆಯುವುದು ಹವ್ಯಾಸವಲ್ಲ, ಕೆಲಸದ್ದೇ ಭಾಗವಾಗಿತ್ತು. ಮಸೂರದಡಿ ಕಂಡ ಒಂದೊಂದು ಜೀವಕೋಶವನ್ನೂ ಕೈಯಿಂದಲೇ ಗೆರೆಗಿಳಿಸಬೇಕಿತ್ತು. ಕಾಣದ ಗೆರೆಯನ್ನು ಅಂದಕ್ಕೆಂದು ಸೇರಿಸಿದರೆ ಸಂಶೋಧನೆಯೇ ಸುಳ್ಳಾಗುತ್ತದೆ. ಅವರ ಕೈ ಪಳಗಿದ್ದು ಹೀಗೆ ಎಂದು ನಮಗನ್ನಿಸುತ್ತದೆ.

ಮುಂದೆ ಅಮೆರಿಕದ ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಎಂಬ ಸಸ್ಯವಿಜ್ಞಾನಿಯ ಜೊತೆ ಕೆಲಸ ಮಾಡಿದರು. 1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಬಂದರು. ಅಲ್ಲಿಯೇ ಪ್ರಿನ್ಸಿಪಾಲರೂ ಆದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡುಗಳನ್ನು ಸುತ್ತುತ್ತಿದ್ದರು. ಆ ತಿರುಗಾಟದ ಕಥೆಯೇ ‘ಹಸಿರು ಹೊನ್ನು’. ಹುಡುಗರ ಪೇಚಾಟ, ತಮಾಷೆ, ಜಿಗಣೆ, ನಡುವೆಯೇ ಗಿಡಗಳ ಪರಿಚಯ. ಪುಸ್ತಕದ ಚಿತ್ರಗಳನ್ನೂ ಲೇಖಕರೇ ಬಿಡಿಸಿದರು. ಎಲೆಯ ಅಂಚು, ಹೂವಿನ ದಳ ಎಲ್ಲವೂ ಇದ್ದದ್ದು ಇದ್ದಂತೆ. ಪಠ್ಯಪುಸ್ತಕ ಹೀಗಿದ್ದಿದ್ದರೆ ನಮ್ಮಲ್ಲಿ ಎಷ್ಟೋ ಜನ ಸಸ್ಯಶಾಸ್ತ್ರಕ್ಕೆ ಹೆದರುತ್ತಿರಲಿಲ್ಲ.

ಡಿವಿಜಿಯವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1967ರಲ್ಲಿ. ಅದೇ ಪ್ರಶಸ್ತಿ 1978ರಲ್ಲಿ ‘ಹಸಿರು ಹೊನ್ನು’ವಿಗೆ ಬಂತು. ಗಿಡ-ಮರಗಳ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ! ಅದನ್ನು ನೋಡಲು ತಂದೆ ಇರಲಿಲ್ಲ, 1975ರಲ್ಲೇ ತೀರಿಕೊಂಡಿದ್ದರು. ಮಗನಿಗೂ ಹೆಚ್ಚು ಕಾಲ ಸಿಗಲಿಲ್ಲ. 1980ರ ನವೆಂಬರ್ 2ರಂದು, 62ನೇ ವಯಸ್ಸಿನಲ್ಲಿ ಸ್ವಾಮಿಯವರು ನಿಧನರಾದರು.