ಡಾಕ್ಟರ್ ಅಲ್ಲದ ಡಾಕ್ಟರ್ ಸ್ಯೂಸ್



ಇಂಗ್ಲಿಷ್ ಅಂದ್ರೆ ನಮ್ಮಲ್ಲಿ ತುಂಬಾ ಜನಕ್ಕೆ ಭಯ. ಆದರೆ ಇಂಗ್ಲಿಷ್ ಕಾರ್ಟೂನ್ ಅಂದ್ರೆ ಯಾರಿಗೂ ಭಯ ಇಲ್ಲ. ಬೆಕ್ಕು ಜಾರಿ ಬಿದ್ದರೆ ಬಿದ್ದೂ ಬಿದ್ದೂ ನಗ್ತೀವಿ. ನಗುವಾಗಲೇ ಒಂದೆರಡು ಪದ ಬಾಯಿಗೆ ಬಂದಿರುತ್ತವೆ. ನಗಿಸುತ್ತಲೇ ಮಕ್ಕಳಿಗೆ ಇಂಗ್ಲಿಷ್ ಪದ ಕಲಿಸಿದ ಒಬ್ಬ ಮಹನೀಯರಿದ್ದರು. ಅವರೇ ಡಾಕ್ಟರ್ ಸ್ಯೂಸ್. ಅವರ ಜೀವನ ಚರಿತ್ರೆ ಹೀಗಿದೆ.

ಜನನ ಮತ್ತು ಬಾಲ್ಯ

ಇವರ ಪೂರ್ಣ ಹೆಸರು ಥಿಯೋಡರ್ ಸ್ಯೂಸ್ ಗೈಸೆಲ್. 1904ರ ಮಾರ್ಚ್ 2ರಂದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜನಿಸಿದರು. ಅವರ ಹಿರಿಯರು ಜರ್ಮನಿಯಿಂದ ಬಂದವರು. ತಾಯಿ ಹೆನ್ರಿಯೆಟ್ಟಾ ಮದುವೆಗೆ ಮುಂಚೆ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ತಿಂಡಿಗಳ ಹೆಸರನ್ನು ರಾಗವಾಗಿ ಹೇಳಿ ಮಾರುತ್ತಿದ್ದರಂತೆ. ಮಕ್ಕಳಾದ ಮೇಲೆ ಅದನ್ನೇ ಲಾಲಿ ಹಾಡಿನ ಹಾಗೆ ಹೇಳಿ ಮಲಗಿಸುತ್ತಿದ್ದರು. ಪ್ರಾಸದ ರುಚಿ ಸ್ಯೂಸ್ ಅವರಿಗೆ ಅಲ್ಲೇ ಹತ್ತಿತು.

ಅವರ ತಂದೆ ಮುಂದೆ ಊರಿನ ಉದ್ಯಾನವನಗಳ ಮೇಲ್ವಿಚಾರಕರಾದರು. ಅಲ್ಲೊಂದು ಮೃಗಾಲಯವೂ ಇತ್ತು. ಹುಡುಗ ಪ್ರಾಣಿಗಳನ್ನು ನೋಡಿ ಚಿತ್ರ ಬರೆಯುತ್ತಿದ್ದ. ಕಿವಿ ಉದ್ದ, ಕಾಲು ಸೊಟ್ಟ, ಒಂದೂ ಸರಿಯಾಗಿರುತ್ತಿರಲಿಲ್ಲ. ಮಲಗುವ ಕೋಣೆಯ ಗೋಡೆ ಮೇಲೂ ಬರೆಯುತ್ತಿದ್ದನಂತೆ, ತಾಯಿ ಬೈಯುತ್ತಿರಲಿಲ್ಲವಂತೆ. ನಮ್ಮ ಮನೆಗಳಲ್ಲಿ ಆಗಿದ್ರೆ ಬೆನ್ನಿಗೆ ಬೀಳ್ತಿತ್ತು!

ವಿದ್ಯಾಭ್ಯಾಸ

ಡಾರ್ಟ್‌ಮತ್ ಕಾಲೇಜಿನಲ್ಲಿ ಓದುವಾಗ ಅವರು ನಗೆ ಪತ್ರಿಕೆಯ ಸಂಪಾದಕರಾಗಿದ್ದರು. ಒಮ್ಮೆ ನಿಯಮ ಮುರಿದಿದ್ದಕ್ಕೆ ಆ ಸ್ಥಾನ ಹೋಯಿತು. ಆದರೂ ಬಿಡದೆ, ತಾಯಿಯ ತವರಿನ ಹೆಸರಾದ ಸ್ಯೂಸ್ ಎಂದು ಸಹಿ ಹಾಕಿ ಬರೆದರು. 1925ರಲ್ಲಿ ಪದವಿ ಮುಗಿಸಿ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋದರು. ಪಾಠ ಕೇಳುವಾಗಲೂ ನೋಟ್ಸ್ ಪಕ್ಕದಲ್ಲಿ ವಿಚಿತ್ರ ಪ್ರಾಣಿಗಳನ್ನೇ ಬರೆಯುತ್ತಿದ್ದರು. ಅದನ್ನು ನೋಡಿದ ಸಹಪಾಠಿ ಹೆಲೆನ್ ಪಾಮರ್, ನೀವು ಚಿತ್ರಕಾರರೇ ಆಗಬೇಕು ಎಂದು ಹುರಿದುಂಬಿಸಿದರು. ಮುಂದೆ ಇಬ್ಬರೂ ಮದುವೆಯಾದರು. ಡಾಕ್ಟರೇಟ್ ಪದವಿ ಪಡೆಯದೆಯೇ ಸ್ಯೂಸ್ ವಾಪಸ್ಸಾದರು. ಆಮೇಲೆ ಹೆಸರಿನ ಮುಂದೆ ಡಾಕ್ಟರ್ ಅಂತ ತಾವೇ ಸೇರಿಸಿಕೊಂಡರು! ಎಷ್ಟೋ ವರ್ಷಗಳ ನಂತರ ಡಾರ್ಟ್‌ಮತ್ ಕಾಲೇಜು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಮೊದಮೊದಲು ಸೊಳ್ಳೆ ನೊಣ ಸಾಯಿಸುವ ಔಷಧಿಯ ಜಾಹೀರಾತಿಗೆ ಚಿತ್ರ ಬರೆದು ಹೊಟ್ಟೆ ಹೊರೆದರು. ಮಕ್ಕಳಿಗಾಗಿ ಬರೆದ ಮೊದಲ ಪುಸ್ತಕವನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡ ಅಂದರು. ಕೊನೆಗೆ ಬೀದಿಯಲ್ಲಿ ಸಿಕ್ಕ ಹಳೆಯ ಕಾಲೇಜು ಗೆಳೆಯರೊಬ್ಬರ ನೆರವಿನಿಂದ 1937ರಲ್ಲಿ ಅದು ಅಚ್ಚಾಯಿತು.

ಸೈನಿಕರಿಗೂ ಕಾರ್ಟೂನ್

ಎರಡನೇ ಮಹಾಯುದ್ಧದಲ್ಲಿ ಸ್ಯೂಸ್ ಅವರು ಸೈನ್ಯದ ಚಲನಚಿತ್ರ ವಿಭಾಗ ಸೇರಿದರು. ಸೈನಿಕರಲ್ಲಿ ಅನೇಕರಿಗೆ ಓದು ಬರಹ ಸರಿಯಾಗಿ ಬರುತ್ತಿರಲಿಲ್ಲ. ಅಂಥವರಿಗಾಗಿ 1943ರಿಂದ ಸ್ನಾಫು ಎಂಬ ಪೆದ್ದ ಸೈನಿಕನ ಕಾರ್ಟೂನ್ ಚಿತ್ರಗಳು ಬಂದವು. ಅವುಗಳಲ್ಲಿ ಕೆಲವಕ್ಕೆ ಸ್ಯೂಸ್ ಅವರು ಪ್ರಾಸದ ಮಾತು ಬರೆದುಕೊಟ್ಟರು. ಸ್ನಾಫು ಗುಟ್ಟು ಬಿಟ್ಟುಕೊಟ್ಟು ಪಜೀತಿಪಡುತ್ತಾನೆ, ಸೊಳ್ಳೆ ಕಚ್ಚಿಸಿಕೊಂಡು ಮಲೇರಿಯಾ ತರಿಸಿಕೊಳ್ಳುತ್ತಾನೆ. ನೋಡಿದವರು ನಗುತ್ತಲೇ, ತಾವು ಏನು ಮಾಡಬಾರದು ಅಂತ ಕಲಿತರು.

ಯುದ್ಧ ಮುಗಿದ ಮೇಲೆ ಅವರು ಬರೆದ ಒಂದು ಕಥೆ 1950ರಲ್ಲಿ ಕಾರ್ಟೂನ್ ಆಯಿತು. ಅದರ ನಾಯಕ ಜೆರಾಲ್ಡ್ ಎಂಬ ಪುಟ್ಟ ಹುಡುಗ. ಅವನ ಬಾಯಲ್ಲಿ ಮಾತೇ ಬರಲ್ಲ, ಬೋಯಿಂಗ್ ಬೋಯಿಂಗ್ ಅಂತ ಬರೀ ಸದ್ದು ಬರುತ್ತೆ. ಶಾಲೆಯವರು ಬೇಡ ಅಂತಾರೆ, ಜೊತೆಯವರು ಆಟಕ್ಕೆ ಸೇರಿಸಲ್ಲ. ಕೊನೆಗೆ ರೇಡಿಯೋದವರು ಅದೇ ಸದ್ದಿಗಾಗಿ ಅವನನ್ನು ಕರೆದುಕೊಂಡು ಹೋಗುತ್ತಾರೆ. ಈ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂತು. ಮಾತು ಬರದವರನ್ನು ದಡ್ಡರು ಅನ್ನಬಾರದು ಅಂತ ನನಗೆ ಇದರಿಂದ ತಿಳಿಯಿತು.

236 ಪದಗಳ ಬೆಕ್ಕು

ಆಗ ಅಮೆರಿಕದ ಶಾಲೆಗಳಲ್ಲೂ ಓದಲು ಕಲಿಯದ ಮಕ್ಕಳು ಬಹಳ ಇದ್ದರು. ಇಂಗ್ಲಿಷ್ ಅವರ ಮನೆಮಾತಾದರೂ ಓದೋಕೆ ಬರ್ತಿರಲಿಲ್ಲ! 1954ರಲ್ಲಿ ಜಾನ್ ಹರ್ಸಿ ಎಂಬ ಲೇಖಕರು, ಇದಕ್ಕೆ ಸಪ್ಪೆ ಪಠ್ಯಪುಸ್ತಕಗಳೂ ಕಾರಣ ಎಂದು ಬರೆದರು. ಡಾಕ್ಟರ್ ಸ್ಯೂಸ್‌ರಂಥವರಿಂದ ಪುಸ್ತಕಕ್ಕೆ ಚಿತ್ರ ಬರೆಸಬಾರದೇಕೆ ಎಂದೂ ಕೇಳಿದರು. ಒಬ್ಬ ಪ್ರಕಾಶಕರು ಸ್ಯೂಸ್ ಅವರಿಗೆ ಮಕ್ಕಳು ಕಲಿಯಬೇಕಾದ ಪದಗಳ ಪಟ್ಟಿ ಕೊಟ್ಟು, ಇಷ್ಟರಲ್ಲೇ ಕಥೆ ಬರೆಯಿರಿ ಅಂದರು.

ಸುಲಭ ಅಂದುಕೊಂಡಿದ್ದ ಆ ಕೆಲಸಕ್ಕೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಬೇಕಾದ ಪದ ಪಟ್ಟಿಯಲ್ಲಿ ಇರುತ್ತಲೇ ಇರಲಿಲ್ಲ. ಕೊನೆಗೆ ಪ್ರಾಸವಿದ್ದ ಎರಡು ಪದ ಸಿಕ್ಕಿದವು: ಕ್ಯಾಟ್ ಮತ್ತು ಹ್ಯಾಟ್. ಅಲ್ಲಿಂದ ಹುಟ್ಟಿದ್ದೇ 1957ರ ದಿ ಕ್ಯಾಟ್ ಇನ್ ದ ಹ್ಯಾಟ್ ಪುಸ್ತಕ. ಮಳೆ ಬರುವ ದಿನ ಇಬ್ಬರೇ ಮಕ್ಕಳಿರುವ ಮನೆಗೆ ಉದ್ದ ಟೋಪಿಯ ಬೆಕ್ಕು ಬಂದು ಮನೆಯನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತೆ. ಅಮ್ಮ ಬರೋದ್ರೊಳಗೆ ಎಲ್ಲ ಸರಿಯಾಗಬೇಕು! ಇಡೀ ಕಥೆಯಲ್ಲಿ ಇರೋದು 236 ಬೇರೆ ಬೇರೆ ಪದಗಳು ಮಾತ್ರ. ಅವೇ ಮತ್ತೆ ಮತ್ತೆ ಬರುತ್ತವೆ. ಬೆಕ್ಕು ಮುಂದೇನು ಮಾಡುತ್ತೋ ಅಂತ ಓದುತ್ತಾ ಹೋದರೆ ಪದ ತಾನಾಗಿಯೇ ನೆನಪಿನಲ್ಲಿ ಕೂರುತ್ತೆ.

ಆಮೇಲೆ ಇನ್ನೊಬ್ಬ ಪ್ರಕಾಶಕರು, 50 ಪದದಲ್ಲಿ ಬರೆಯಿರಿ ನೋಡೋಣ ಅಂತ ಪಂದ್ಯ ಕಟ್ಟಿದರು. ಸ್ಯೂಸ್ ಗೆದ್ದರು. 1960ರ ಆ ಪುಸ್ತಕವೇ ಗ್ರೀನ್ ಎಗ್ಸ್ ಆ್ಯಂಡ್ ಹ್ಯಾಮ್. ಟೋಪಿ ಬೆಕ್ಕು 1971ರಲ್ಲಿ ಟಿ.ವಿ. ಕಾರ್ಟೂನ್ ಆಗಿ ಕುಣಿಯಿತು. ಅದರಲ್ಲಿ ಇನ್ನೂ ಒಂದು ಅನುಕೂಲ. ಬೆಕ್ಕು ಬಿದ್ದದ್ದು ಕಣ್ಣಿಗೆ ಕಾಣುತ್ತೆ, ಬಿತ್ತು ಅನ್ನೋ ಪದ ಕಿವಿಗೆ ಕೇಳುತ್ತೆ, ಅರ್ಥ ಹುಡುಕೋದಕ್ಕೆ ಡಿಕ್ಷನರಿ ಬೇಕಾಗಲ್ಲ.

ಅವರ ತಪ್ಪು

ದೊಡ್ಡವರೂ ತಪ್ಪು ಮಾಡುತ್ತಾರೆ. ಯುದ್ಧದ ಕಾಲದಲ್ಲಿ ಸ್ಯೂಸ್ ಅವರು ಅಮೆರಿಕದಲ್ಲಿದ್ದ ಜಪಾನಿ ಮೂಲದವರನ್ನು ದ್ರೋಹಿಗಳಂತೆ ತೋರಿಸಿ ವ್ಯಂಗ್ಯಚಿತ್ರ ಬರೆದರು. ಅದು ಅನ್ಯಾಯ. 1953ರಲ್ಲಿ ಜಪಾನಿಗೆ ಹೋಗಿಬಂದು, ಎಷ್ಟೇ ಚಿಕ್ಕವರಾದರೂ ಮನುಷ್ಯರು ಮನುಷ್ಯರೇ ಎಂದು ಸಾರುವ ಆನೆಯ ಕಥೆ ಬರೆದರು. ಅದನ್ನು ಜಪಾನಿನ ಗೆಳೆಯರೊಬ್ಬರಿಗೆ ಅರ್ಪಿಸಿದರು. ಬೇರೆ ದೇಶದ ಜನರನ್ನು ನೋಯಿಸುವ ಚಿತ್ರಗಳಿವೆ ಎಂದು ಅವರ 6 ಪುಸ್ತಕಗಳ ಮುದ್ರಣವನ್ನು 2021ರಲ್ಲಿ ನಿಲ್ಲಿಸಲಾಯಿತು. ಮೊದಲ ಪುಸ್ತಕವೂ ಅದರಲ್ಲಿ ಸೇರಿದೆ. ಆದ್ದರಿಂದ ನಗಿಸುವಾಗ ಯಾರಿಗೂ ನೋವಾಗದಂತೆ ನಗಿಸಬೇಕು.

ಮರಣ

ಸ್ಯೂಸ್ ಅವರಿಗೆ ಸ್ವಂತ ಮಕ್ಕಳಿರಲಿಲ್ಲ. 1984ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. 1991ರ ಸೆಪ್ಟೆಂಬರ್ 24ರಂದು, 87ನೇ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು.

ಗೆಳೆಯರೇ, ನಾವೂ ಒಂದು ಕೆಲಸ ಮಾಡೋಣ. ಕಾರ್ಟೂನ್ ನೋಡುವಾಗ ಪಕ್ಕದಲ್ಲಿ ನೋಟ್ ಬುಕ್ ಇರಲಿ. ನಗು ಬಂದ ಕಡೆ ಕೇಳಿದ ಎರಡು ಪದ ಬರೆದು, ಮಾರನೇ ದಿನ ಮೇಷ್ಟ್ರ ಹತ್ತಿರ ಸ್ಪೆಲ್ಲಿಂಗ್ ತಿದ್ದಿಸಿಕೊಳ್ಳೋಣ. ದಿನಕ್ಕೆ ಎರಡರಂತೆ 236 ಪದಕ್ಕೆ 118 ದಿನ ಸಾಕು. ಜೂನ್ ಒಂದರಿಂದ ಶುರು ಮಾಡಿದರೆ ಸೆಪ್ಟೆಂಬರ್ ಮುಗಿಯುವುದರೊಳಗೆ ಒಂದು ಬೆಕ್ಕಿನ ಕಥೆಗೆ ಆಗುವಷ್ಟು ಇಂಗ್ಲಿಷ್ ನಮ್ಮದಾಗುತ್ತೆ.