ರುಡಾಲ್ಫ್ ಡೀಸೆಲ್ ಮತ್ತು ಗಾಳಿಯ ಲೆಕ್ಕ

ಬಂಕಿನಲ್ಲಿ ದಿನಕ್ಕೆ ಎಷ್ಟೋ ಸಲ ಒಬ್ಬ ಮನುಷ್ಯನ ಹೆಸರು ಹೇಳ್ತೀವಿ. ಅದು ಮನುಷ್ಯನ ಹೆಸರು ಅನ್ನೋದು ಹೇಳೋರಿಗೂ ನೆನಪಿರಲ್ಲ, ಕೇಳೋರಿಗೂ ನೆನಪಿರಲ್ಲ. ಡೀಸೆಲ್ ಗಾಡಿ ಇರೋ ಗೆಳೆಯರು ಮೆಕ್ಯಾನಿಕಲ್ ಬ್ರಾಂಚಿನವರನ್ನ ಕಂಡ ತಕ್ಷಣ ಕೇಳೋ ಪ್ರಶ್ನೆ ಒಂದೇ: ಇದರ ಪವರ್ ಜಾಸ್ತಿ ಮಾಡೋದು ಹೇಗೆ? ಈ ಪ್ರಶ್ನೆ ಮೊದಲು ಎದುರಾಗಿದ್ದು ಆ ಎಂಜಿನ್ನನ್ನು ಕಟ್ಟಿದ ರುಡಾಲ್ಫ್ ಡೀಸೆಲ್‌ಗೇ. ಉತ್ತರವೂ ಅವನ ಕೈಗೆ ಸಿಕ್ಕಿತ್ತು. ಆದರೆ ಅವನು ಅದನ್ನು ಬೇಕಂತಲೇ ಪಕ್ಕಕ್ಕಿಟ್ಟ. ಯಾಕೆ ಅನ್ನೋದು ಗೊತ್ತಾಗಬೇಕಾದರೆ ಅವನ ಬದುಕನ್ನು ಸ್ವಲ್ಪ ನೋಡಬೇಕು.

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಜರ್ಮನ್ನರು. ಅಪ್ಪನದು ಚರ್ಮದ ಸಾಮಾನು ಮಾಡುವ ಸಣ್ಣ ಕಸುಬು, ಮನೆಯಲ್ಲಿ ದುಡ್ಡಿಗೆ ಯಾವಾಗಲೂ ತಾಪತ್ರಯ. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಗೂ ಯುದ್ಧ ಶುರುವಾದಾಗ ಪ್ಯಾರಿಸ್‌ನಲ್ಲಿದ್ದ ಜರ್ಮನ್ನರೆಲ್ಲ ಊರು ಬಿಡಬೇಕಾಯಿತು. ಈ ಕುಟುಂಬ ಲಂಡನ್ನಿಗೆ ಹೋಯಿತು. ಅಲ್ಲೂ ಹೊಟ್ಟೆಪಾಡು ಕಷ್ಟವಾದಾಗ ಹನ್ನೆರಡು ವರ್ಷದ ಹುಡುಗನನ್ನು ಬವೇರಿಯಾದ ಔಗ್ಸ್‌ಬರ್ಗ್ ಊರಿನಲ್ಲಿದ್ದ ಬಂಧುಗಳ ಮನೆಗೆ ಕಳಿಸಿದರು. ಆ ಮನೆಯ ಯಜಮಾನರು ಅಲ್ಲಿನ ವೃತ್ತಿಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೇಷ್ಟ್ರು. ಹುಡುಗ ಅದೇ ಶಾಲೆಗೆ ಸೇರಿದ. ಹದಿನಾಲ್ಕನೇ ವಯಸ್ಸಿಗೇ ತಾನು ಎಂಜಿನಿಯರ್ ಆಗುತ್ತೇನೆ ಅಂತ ಅಪ್ಪ ಅಮ್ಮನಿಗೆ ಕಾಗದ ಬರೆದ.

1875ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿದ. ಅಲ್ಲಿ ಥರ್ಮೋಡೈನಮಿಕ್ಸ್ ಹೇಳುತ್ತಿದ್ದವರು ಕಾರ್ಲ್ ಫಾನ್ ಲಿಂಡೆ, ಶೀತಕ ಯಂತ್ರಗಳಿಗೆ ಹೆಸರಾದವರು. ಒಳ್ಳೆಯ ಸ್ಟೀಮ್ ಎಂಜಿನ್ ಕೂಡ ಕಲ್ಲಿದ್ದಲಿನ ಶಾಖದಲ್ಲಿ ಶೇಕಡಾ 6ರಿಂದ 10ರಷ್ಟನ್ನು ಮಾತ್ರ ಕೆಲಸಕ್ಕೆ ಹಚ್ಚುತ್ತೆ, ಉಳಿದದ್ದೆಲ್ಲ ಹೊರಗೆ ಹೋಗುತ್ತೆ ಅಂತ ಅವರು ಒಂದು ಪಾಠದಲ್ಲಿ ಹೇಳಿದರು. ಕಾರ್ನೋ ಸೈಕಲ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಇಂಟರ್ನಲ್ಸ್‌ಗೆ ಬರೋ ಒಂದು ಚಿತ್ರ ಅಷ್ಟೇ. ರುಡಾಲ್ಫ್‌ಗೆ ಅದು ತಲೆಯಿಂದ ಇಳಿಯಲೇ ಇಲ್ಲ. ಶೇಕಡಾ 90 ಹಾಳಾಗೋದನ್ನು ತಡೆಯಬೇಕು ಅನ್ನೋದೇ ಅವನ ಜೀವನದ ಕೆಲಸವಾಯಿತು.

1879ರಲ್ಲಿ ಪರೀಕ್ಷೆ ಹೊತ್ತಿಗೆ ಟೈಫಾಯಿಡ್ ಬಂದು ಮಲಗಿದ. ಮುಂದಿನ ಪರೀಕ್ಷೆ ಬರುವವರೆಗೆ ಸುಮ್ಮನೆ ಕೂರದೆ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿದ್ದ ಸುಲ್ಜರ್ ಕಾರ್ಖಾನೆಯಲ್ಲಿ ಕೈಕೆಲಸ ಕಲಿತ. 1880ರ ಜನವರಿಯಲ್ಲಿ ಪರೀಕ್ಷೆ ಬರೆದು ಪಾಸಾದ. ಆಮೇಲೆ ಗುರು ಲಿಂಡೆಯ ಐಸ್ ಯಂತ್ರಗಳ ಕೆಲಸಕ್ಕೆ ಪ್ಯಾರಿಸ್‌ಗೆ, 1890ರಲ್ಲಿ ಬರ್ಲಿನ್‌ಗೆ. ಹಗಲು ಸಂಬಳದ ಕೆಲಸ, ಉಳಿದ ಹೊತ್ತಲ್ಲಿ ಎಂಜಿನ್ ಚಿಂತೆ. ಅಮೋನಿಯ ಆವಿಯಿಂದ ಓಡುವ ಎಂಜಿನ್ ಮಾಡಲು ವರ್ಷಗಟ್ಟಲೆ ಒದ್ದಾಡಿದ, ಆಗಲಿಲ್ಲ.

ಕೊನೆಗೆ ಹೊಳೆದದ್ದು ಬರೀ ಗಾಳಿಯ ಎಂಜಿನ್. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗೋದು ನಮಗೆಲ್ಲ ಗೊತ್ತು. ಗಾಳಿಯನ್ನು ಅದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಒತ್ತಿದರೆ ಇಂಧನ ಬಿದ್ದ ಕೂಡಲೇ ತಾನೇ ಹೊತ್ತಿಕೊಳ್ಳುವಷ್ಟು ಕಾಯುತ್ತೆ, ಕಿಡಿಯೇ ಬೇಡ. 1892ರ ಫೆಬ್ರವರಿಯಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಮರುವರ್ಷ ಅದರ ಸಿದ್ಧಾಂತವನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಔಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್ರಿಕ್ ಬುಟ್ಸ್ ಇವನನ್ನು ನಂಬಿ ಜಾಗ ಕೊಟ್ಟ. ಕ್ರುಪ್ ಕಂಪನಿ ದುಡ್ಡು ಹಾಕಿತು.

ಇಲ್ಲೊಂದು ವಿಷಯ ಗಮನಿಸಿ. ಮೊದಲ ಪೇಟೆಂಟಿನಲ್ಲಿದ್ದ ಎಂಜಿನ್ನನ್ನು ಹಾಗೇ ಕಟ್ಟಿದ್ದರೆ ಅದು ಓಡುತ್ತಲೇ ಇರಲಿಲ್ಲ. ಕಾರ್ನೋ ಸೈಕಲ್ಲಿಗೆ ಹತ್ತಿರ ಹೋಗಬೇಕು ಅಂತ ಅವನು ಗಾಳಿಯನ್ನು 250 ಅಟ್ಮಾಸ್ಫಿಯರ್‌ವರೆಗೆ ಒತ್ತುವ ಲೆಕ್ಕ ಹಾಕಿದ್ದ. ಇಂಧನ ಉರಿಯುವಾಗ ಉಷ್ಣತೆ ಏರಬಾರದು ಅಂತ ತುಂಬಾ ಕಡಿಮೆ ಇಂಧನ ಬಿಡೋದು ಅಂದುಕೊಂಡಿದ್ದ. ಕಾಗದದ ಮೇಲೆ ದಕ್ಷತೆ ಚೆನ್ನಾಗಿ ಬರುತ್ತೆ. ಆದರೆ ಪಿಸ್ಟನ್ ಮೇಲೆ ಬೀಳುವ ಸರಾಸರಿ ಒತ್ತಡ, ಅಂದರೆ ನಾವು ಮೀನ್ ಎಫೆಕ್ಟಿವ್ ಪ್ರೆಶರ್ ಅಂತೀವಲ್ಲ, ಅದು ತೀರಾ ಕಡಿಮೆ. ಸಿಕ್ಕಿದ ಕೆಲಸವನ್ನೆಲ್ಲ ಎಂಜಿನ್ನಿನ ಘರ್ಷಣೆಯೇ ತಿಂದುಹಾಕುತ್ತೆ, ಶಾಫ್ಟಿಗೆ ಬರೋದು ಏನೂ ಇಲ್ಲ. ಇದು ಅರ್ಥವಾದಾಗ ರುಡಾಲ್ಫ್ ಒತ್ತಡವನ್ನು ಬಹಳಷ್ಟು ಇಳಿಸಿ, ಇಂಧನ ಹೆಚ್ಚಿಸಿ, ಹೆಚ್ಚುಕಡಿಮೆ ಒಂದೇ ಒತ್ತಡದಲ್ಲಿ ಉರಿಯುವ ಹಾಗೆ ಬದಲಾಯಿಸಿದ. 1893ರ ಕೊನೆಯಲ್ಲಿ ಇದಕ್ಕೆ ಎರಡನೇ ಪೇಟೆಂಟ್ ಅರ್ಜಿಯೂ ಹೋಯಿತು. ಒಂದು ರೀತಿಯಲ್ಲಿ ನೋಡಿದರೆ ಪವರ್‌ಗೋಸ್ಕರ ನಡೆದ ಮೊದಲ ಡೀಸೆಲ್ ಟ್ಯೂನಿಂಗ್ ಇದೇ.

1893ರ ಆಗಸ್ಟ್ 10ರಂದು ಮೊದಲ ಪರೀಕ್ಷೆ. ಇಂಧನ ಹೊತ್ತಿತು, ಒತ್ತಡ ಸುಮಾರು 80 ಅಟ್ಮಾಸ್ಫಿಯರ್‌ಗೆ ಹಾರಿತು, ಅಳೆಯೋಕೆ ಇಟ್ಟಿದ್ದ ಇಂಡಿಕೇಟರ್ ಸಿಡಿದು ಚೂರಾಯಿತು. ಎಂಜಿನ್ ತಾನಾಗಿ ಓಡಲಿಲ್ಲ, ಆದರೂ ಒತ್ತಿದ ಗಾಳಿಯಲ್ಲಿ ಇಂಧನ ಹೊತ್ತುತ್ತೆ ಅನ್ನೋದು ಸಾಬೀತಾಯಿತು. 1894ರ ಫೆಬ್ರವರಿ 17ರಂದು ಅದು ಮೊದಲ ಸಲ ತನ್ನ ಬಲದಿಂದ ತಿರುಗಿತು. ಒಂದು ನಿಮಿಷ, 88 ಸುತ್ತು, ಅಷ್ಟೇ. ಅಲ್ಲಿಂದ ಮುಂದಕ್ಕೆ ಇನ್ನೂ ಮೂರು ವರ್ಷ ಹಿಡಿಯಿತು. ಇಂಧನವನ್ನು ಸಣ್ಣ ಹನಿಗಳಾಗಿ ಒಡೆದು ಸಿಲಿಂಡರ್‌ಗೆ ತಳ್ಳೋದೇ ದೊಡ್ಡ ತಲೆನೋವು. ಬರೀ ಪಂಪಿನಿಂದ ತಳ್ಳಿ ನೋಡಿದ, ಆ ಕಾಲದ ಪಂಪುಗಳಲ್ಲಿ ಆಗಲಿಲ್ಲ. ಬೇರೆ ಕಂಪ್ರೆಸರ್ ಇಟ್ಟು, ಅದರ ಗಾಳಿಯ ಜೊತೆ ಇಂಧನವನ್ನು ಊದಿದಾಗ ಕೆಲಸ ಆಯಿತು. ಆದರೆ ಆ ಕಂಪ್ರೆಸರಿನಿಂದ ಎಂಜಿನ್ ಭಾರವಾಯಿತು, ಅದನ್ನು ಓಡಿಸೋಕೂ ಎಂಜಿನ್ನಿನ ಶಕ್ತಿಯೇ ಖರ್ಚಾಗುತ್ತಿತ್ತು.

ಈಗ ನಮ್ಮ ಗೆಳೆಯರ ಪ್ರಶ್ನೆಗೆ ಬರೋಣ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.5 ಕಿಲೋ ಗಾಳಿ ಬೇಕು. ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಬೆರೆಯೋಕೆ ಸಿಗುವ ಸಮಯ ಬಹಳ ಕಡಿಮೆ, ಅದಕ್ಕೆ ಗಾಳಿ ಇನ್ನೂ ಜಾಸ್ತಿ ಇರಬೇಕು. ಗಾಳಿ ಅಷ್ಟೇ ಇಟ್ಟು ಇಂಧನ ಮಾತ್ರ ಏರಿಸುತ್ತಾ ಹೋದರೆ ಒಂದು ಹಂತದವರೆಗೆ ಪವರ್ ಏರುತ್ತೆ, ಆಮೇಲೆ ಬರೋದು ಕಪ್ಪು ಹೊಗೆ. ಹಾಗಾಗಿ ಪವರ್ ಬೇಕು ಅಂದರೆ ಮೊದಲು ಗಾಳಿ ಜಾಸ್ತಿ ಮಾಡಬೇಕು. ರುಡಾಲ್ಫ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1896ರಲ್ಲೇ ಸಿಲಿಂಡರ್‌ಗೆ ಹೋಗುವ ಮುಂಚೆ ಗಾಳಿಯನ್ನು ಒತ್ತುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡ. ಪಿಸ್ಟನ್ನಿನ ಕೆಳಭಾಗವನ್ನೇ ಪಂಪ್ ಮಾಡಿಕೊಂಡು ಪ್ರಯೋಗವನ್ನೂ ಮಾಡಿದ. ಪವರ್ ಏರಿತು. ಆದರೆ ಗಾಳಿ ಒತ್ತುವ ಕೆಲಸವನ್ನು ಕ್ರ್ಯಾಂಕ್ ಶಾಫ್ಟೇ ಮಾಡಬೇಕಲ್ಲ, ದಕ್ಷತೆ ಇಳಿಯಿತು. ಅವನು ಅದನ್ನು ಕಿತ್ತು ಹಾಕಿಸಿದ. ಶೇಕಡಾ 90 ಪೋಲಾಗೋದನ್ನು ತಡೆಯೋಕೆ ಹೊರಟವನಿಗೆ ಆ ಬೆಲೆ ಕೊಟ್ಟು ಪವರ್ ಬೇಕಾಗಿರಲಿಲ್ಲ.

1897ರ ಫೆಬ್ರವರಿ 17ರಂದು ಮ್ಯೂನಿಕ್‌ನ ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ಬಂದು ಎಂಜಿನ್ನನ್ನು ಅಧಿಕೃತವಾಗಿ ಪರೀಕ್ಷಿಸಿದರು. ಬೋರ್ 250 ಮಿ.ಮೀ., ಸ್ಟ್ರೋಕ್ 400 ಮಿ.ಮೀ., ಒಂದೇ ಸಿಲಿಂಡರ್. ಲೆಕ್ಕ ಹಾಕಿ ನೋಡಿ, 19.6 ಲೀಟರ್ ಆಗುತ್ತೆ. ಬಂದ ಪವರ್ ಮಾತ್ರ ಸುಮಾರು 20 ಹೆಚ್‌ಪಿ, ಅಂದರೆ ಲೀಟರ್‌ಗೆ ಒಂದು. ಇವತ್ತಿನ 1.5 ಲೀಟರ್ ಕಾರ್ ಎಂಜಿನ್ 100 ಹೆಚ್‌ಪಿ ದಾಟುತ್ತೆ. ಆದರೆ ಅವತ್ತು ಸೇರಿದ್ದವರು ನೋಡಿದ್ದು ಇನ್ನೊಂದು ಅಂಕಿ: ದಕ್ಷತೆ ಶೇಕಡಾ 26.2. ಆಗಿನ ಯಾವ ಎಂಜಿನ್ನೂ ಅದರ ಹತ್ತಿರಕ್ಕೆ ಬರುತ್ತಿರಲಿಲ್ಲ.

ಒಂದೇ ವರ್ಷದಲ್ಲಿ ರುಡಾಲ್ಫ್ ಶ್ರೀಮಂತನಾದ. ಅಮೆರಿಕದ ಬಿಯರ್ ವ್ಯಾಪಾರಿ ಅಡಾಲ್ಫಸ್ ಬುಷ್ ಒಬ್ಬನೇ ಅಲ್ಲಿನ ಹಕ್ಕಿಗೆ ಹತ್ತು ಲಕ್ಷ ಮಾರ್ಕ್ ಕೊಟ್ಟ. ಆದರೆ ಲ್ಯಾಬಿನಲ್ಲಿ ಓಡಿದ ಎಂಜಿನ್ ಗಿರಾಕಿಗಳ ಹತ್ತಿರ ಓಡಲಿಲ್ಲ. ಕೆಂಪ್ಟನ್‌ನ ಬೆಂಕಿಪೊಟ್ಟಣ ಕಾರ್ಖಾನೆಗೆ ಕೊಟ್ಟ ಎಂಜಿನ್ ಪದೇ ಪದೇ ಕೆಟ್ಟು ನಿಂತಿತು. ಇತ್ತ ಪೇಟೆಂಟ್ ತಕರಾರುಗಳು: ಪೇಟೆಂಟಿನಲ್ಲಿ ಬರೆದದ್ದೇ ಬೇರೆ, ಕಟ್ಟಿದ್ದೇ ಬೇರೆ ಅಂತ ವಿರೋಧಿಗಳು ಹಿಡಿದುಕೊಂಡರು. ಆ ಮಾತಿನಲ್ಲಿ ಸತ್ಯವಿತ್ತು, ಅದೇ ಅವನನ್ನು ಒಳಗೊಳಗೇ ತಿಂದಿತು. 1898ರಲ್ಲಿ ಮನಸ್ಸು ದಣಿದು ಆಸ್ಪತ್ರೆ ಸೇರಬೇಕಾಯಿತು.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವನ ಎಂಜಿನ್ನಿಗೆ ದೊಡ್ಡ ಬಹುಮಾನ ಬಂತು. ಅಲ್ಲೇ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು, ನೋಡಿದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ. 1912ರಲ್ಲಿ ಡೆನ್ಮಾರ್ಕ್‌ನ ಸೆಲಾಂಡಿಯಾ ಹಡಗು ತಲಾ 1250 ಹೆಚ್‌ಪಿಯ ಎರಡು ಡೀಸೆಲ್ ಎಂಜಿನ್ ಇಟ್ಟುಕೊಂಡು ಬ್ಯಾಂಕಾಕ್‌ವರೆಗೆ ಹೋಗಿಬಂತು. ಎಂಜಿನ್ ಗೆದ್ದಿತ್ತು. ಅದನ್ನು ಕಟ್ಟಿದವನು ಅಷ್ಟರಲ್ಲಿ ಸೋತಿದ್ದ. ಪೇಟೆಂಟ್ ಅವಧಿ ಮುಗಿದಿತ್ತು, ಜಮೀನು ವ್ಯವಹಾರದಲ್ಲಿ ಹಾಕಿದ ದುಡ್ಡು ಮುಳುಗಿತ್ತು, ಮ್ಯೂನಿಕ್‌ನ ದೊಡ್ಡ ಬಂಗಲೆಯ ಒಳಗೆ ಸಾಲವೇ ತುಂಬಿತ್ತು.

1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡೆನ್ ಅನ್ನೋ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟ. ರಾತ್ರಿ ಊಟ ಮಾಡಿ, ಬೆಳಿಗ್ಗೆ ಬೇಗ ಎಬ್ಬಿಸಿ ಅಂತ ಹೇಳಿ, ಹತ್ತು ಗಂಟೆ ಸುಮಾರಿಗೆ ಕ್ಯಾಬಿನ್‌ಗೆ ಹೋದ. ಬೆಳಿಗ್ಗೆ ಕ್ಯಾಬಿನ್ ಖಾಲಿ. ಡೆಕ್ ಮೇಲೆ ಟೋಪಿಯೂ ಮಡಿಸಿಟ್ಟ ಕೋಟೂ ಸಿಕ್ಕವು. ಕೆಲವು ದಿನಗಳ ನಂತರ ಡಚ್ ದೋಣಿಯವರಿಗೆ ಸಮುದ್ರದಲ್ಲಿ ಒಂದು ಶವ ಕಂಡಿತು. ಜೇಬಿನಲ್ಲಿದ್ದ ಸಾಮಾನು ತೆಗೆದುಕೊಂಡು ಶವವನ್ನು ಸಮುದ್ರಕ್ಕೇ ಬಿಟ್ಟರು. ಅವು ಅಪ್ಪನವೇ ಅಂತ ಮಗ ಗುರುತಿಸಿದ. ಕೊಲೆ ಅಂತ ಆ ಕಾಲದಲ್ಲಿ ಪತ್ರಿಕೆಗಳು ಏನೇನೋ ಬರೆದವು. ಸಾಲದ ಲೆಕ್ಕ ನೋಡಿದವರಲ್ಲಿ ಹೆಚ್ಚಿನವರು ಆತ್ಮಹತ್ಯೆ ಅಂತಲೇ ನಂಬಿದರು. ಆಗ ಅವನಿಗೆ 55 ವರ್ಷ.

ಅವನು ಕಿತ್ತು ಹಾಕಿಸಿದ ಉಪಾಯವನ್ನು ಸರಿಮಾಡಿದವನು ಆಲ್ಫ್ರೆಡ್ ಬೂಕಿ. ರುಡಾಲ್ಫ್ ಸುಲ್ಜರ್‌ನಲ್ಲಿ ಕೆಲಸ ಕಲಿತ ಅದೇ 1879ರಲ್ಲಿ, ಅದೇ ವಿಂಟರ್‌ಥೂರ್‌ನಲ್ಲಿ ಹುಟ್ಟಿದವನು! ಸೈಲೆನ್ಸರಿನಿಂದ ಸುಮ್ಮನೆ ಹೊರಗೆ ಹೋಗುವ ಬಿಸಿ ಗಾಳಿಯಿಂದ ಟರ್ಬೈನ್ ತಿರುಗಿಸಿ, ಆ ಟರ್ಬೈನಿನಿಂದ ಒಳಗಿನ ಗಾಳಿಯನ್ನು ಒತ್ತೋದು ಅವನ ಯೋಚನೆ. 1905ರಲ್ಲೇ ಪೇಟೆಂಟ್‌ಗೆ ಹಾಕಿದ್ದ. 1920ರ ದಶಕದಲ್ಲಿ ಎರಡು ಜರ್ಮನ್ ಹಡಗುಗಳ ಎಂಜಿನ್ನಿಗೆ ಇದನ್ನು ಕೂಡಿಸಿದಾಗ 1750 ಹೆಚ್‌ಪಿ ಇದ್ದದ್ದು 2500 ಆಯಿತು. ಪೋಲಾಗುತ್ತಿದ್ದ ಶಾಖವೇ ಗಾಳಿ ತಂದುಕೊಟ್ಟಿತು. 1927ರಲ್ಲಿ ಬಾಷ್ ಕಂಪನಿಯ ಇಂಜೆಕ್ಷನ್ ಪಂಪ್ ಬಂದ ಮೇಲೆ ಆ ಭಾರದ ಕಂಪ್ರೆಸರ್ ಇಲ್ಲದ ಡೀಸೆಲ್ ಎಂಜಿನ್ ಲಾರಿಗಳಲ್ಲಿ ಹೆಚ್ಚಾಗಿ ಹರಡಿತು.

ಇವತ್ತು ಟ್ಯೂನಿಂಗ್ ಅಂದರೆ ಇದೇ ಲೆಕ್ಕ. ಟರ್ಬೋದಿಂದ ಹೆಚ್ಚು ಗಾಳಿ, ಇಂಟರ್‌ಕೂಲರ್‌ನಿಂದ ಆ ಗಾಳಿ ತಣ್ಣಗಾಗಿ ಇನ್ನೂ ಒತ್ತಾಗೋದು, ಅದಕ್ಕೆ ತಕ್ಕಷ್ಟು ಇಂಧನ, ಆಮೇಲೆ ಅದನ್ನು ಯಾವ ಡಿಗ್ರಿಯಲ್ಲಿ ಚಿಮ್ಮಿಸಬೇಕು ಅನ್ನೋ ಟೈಮಿಂಗ್. ಟೈಮಿಂಗ್ ಜಾಸ್ತಿ ಮುಂದಕ್ಕೆ ತಂದರೆ ಸಿಲಿಂಡರ್ ಒತ್ತಡ ಏರಿ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಗಾಳಿ ಏರಿಸದೆ ಇಂಧನ ಏರಿಸಿದರೆ ಹೊಗೆ ಬರುತ್ತೆ, ಎಕ್ಸಾಸ್ಟ್ ಕಾದು ಪಿಸ್ಟನ್ನಿಗೂ ಟರ್ಬೋಗೂ ಪೆಟ್ಟು. ಹಿಂದೆ ಬರೋರ ಮುಖಕ್ಕೆ ಕಪ್ಪು ಹೊಗೆ ಬಿಡೋ ಗಾಡಿ ಪವರ್ ತೋರಿಸುತ್ತಿಲ್ಲ, ಉರಿಯದ ಇಂಧನವನ್ನು ರಸ್ತೆಗೆ ಸುರಿಯುತ್ತಿದೆ ಅಷ್ಟೇ.

ಮುಂದಿನ ಸಲ ಲ್ಯಾಬ್‌ನಲ್ಲಿ ಸಿಂಗಲ್ ಸಿಲಿಂಡರ್ ಡೀಸೆಲ್ ಎಂಜಿನ್ನಿಗೆ ಲೋಡ್ ಹಾಕಿ ರೀಡಿಂಗ್ ತೆಗೆದಾಗ, ಸೀನಿಯರ್ ರೆಕಾರ್ಡ್ ನೋಡಿ ಬರೆಯೋ ಬದಲು ಬ್ರೇಕ್ ಥರ್ಮಲ್ ಎಫಿಶಿಯನ್ಸಿಯನ್ನು ನೀವೇ ಲೆಕ್ಕ ಹಾಕಿ. ಫುಲ್ ಲೋಡ್‌ನಲ್ಲಿ ಎಷ್ಟು ಬರುತ್ತೆ ನೋಡಿ. 1897ರಲ್ಲಿ ಬಂದದ್ದು 26.2.